ಎಸೆಯುವ ಕೈ, ಎದುರಿಸುವ ಕೈ

ಪ್ರಶ್ನೆ ಬಂದುದು ಬಹು ದೂರದಿಂದ. ನನ್ನ ತಂಗಿ ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷವಾಗುತ್ತ ಬಂದಿತು. ಅವಳ ಮಗಳಿಗೆ ಈಗ ಹದಿನಾರು. ಭಾನುವಾರ ಬೆಳಗ್ಗೆ ನಾನು ಎರಡನೆಯ ಲೋಟ ಕಾಫಿ ಮುಗಿಸುವ ಹೊತ್ತಿಗೆ ಅಲ್ಲಿ ಇನ್ನೂ ಶನಿವಾರದ ರಾತ್ರಿ. ತಾಯಿ ಮಗಳು ಇಬ್ಬರೂ ಫೋನಿನಲ್ಲಿ ಬರುತ್ತಾರೆ. ಸಾಮಾನ್ಯವಾಗಿ ನನ್ನ ಸೋದರಸೊಸೆ ಕೇಳುವುದು ಯಾವುದಾದರೂ ಕನ್ನಡ ಮಾತಿನ ಅರ್ಥವನ್ನು. ಆ ದಿನ ಕೇಳಿದುದು ಬೇರೆ.

“ಮಾಮ, ನನಗೆ ಬ್ಯಾಟ್ ಮಾಡಲು ಚೆನ್ನಾಗಿ ಬರುವುದಿಲ್ಲ. ಆದರೂ ಮಾಡಬೇಕು ಎನ್ನಿಸುತ್ತದೆ. ಇದು ಸ್ವಾರ್ಥವೆ?”

ಅವಳು ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವವಳು. ಅಲ್ಲಿನವರು ಪಿಚರ್ ಎನ್ನುತ್ತಾರೆ. ಒಂಬತ್ತು ವರ್ಷದವಳಿದ್ದಾಗ ಆಟಕ್ಕೆ ಸೇರಿದಳು. ಆಗ ಎಲ್ಲ ಮಕ್ಕಳೂ ಎಲ್ಲವನ್ನೂ ಮಾಡುತ್ತಿದ್ದರು: ಒಂದು ದಿನ ಎಸೆಯುವುದು, ಒಂದು ದಿನ ಹಿಡಿಯುವುದು, ಇನ್ನೊಂದು ದಿನ ದೂರದ ಹುಲ್ಲಿನಲ್ಲಿ ನಿಂತು ಚಿಟ್ಟೆಗಳನ್ನು ಎಣಿಸುವುದು. ಬರುಬರುತ್ತ ಇವಳ ಕೈಯಲ್ಲಿ ವೇಗವಿದೆಯೆಂದು ಹಿರಿಯರಿಗೆ ಗೊತ್ತಾಯಿತು. ಮೊದಲು ಮೂರನೆಯ ಬೇಸಿನ ಜಾಗ ಹೋಯಿತು, ಆಮೇಲೆ ಹೊರ ಮೈದಾನ ಹೋಯಿತು. ಈ ವರ್ಷ ಬ್ಯಾಟೂ ಹೋಯಿತು. ತರಬೇತುದಾರರು ಕರೆದು, “ನೀನು ನಮ್ಮ ತಂಡದ ಕೈ. ಆ ಕೈಯನ್ನು ಉಳಿಸಿಕೊ. ಹೊಡೆಯುವ ಕೆಲಸವನ್ನು ಇನ್ನೊಬ್ಬಳು ನೋಡಿಕೊಳ್ಳುತ್ತಾಳೆ” ಎಂದರಂತೆ. ತನ್ನ ತಂಡ ಹೊಡೆಯುವ ಸರದಿ ಬಂದಾಗ ಇವಳು ಕೋಟು ಹೊದ್ದು ಬೆಂಚಿನ ಮೇಲೆ ಕುಳಿತಿರುತ್ತಾಳೆ. ಅವಳ ತಂದೆಗೆ ಸಂತೋಷ. ಒಳ್ಳೆಯ ಪಿಚರನ್ನು ಕಾಲೇಜಿನವರು ವಿದ್ಯಾರ್ಥಿವೇತನ ಕೊಟ್ಟು ಕರೆಯುವುದುಂಟು. ತಾಯಿಗೆ ಕೋಪ. ಮಗಳಿಗೆ ಸಂತೋಷವೂ ಅಲ್ಲದ ಕೋಪವೂ ಅಲ್ಲದ ಒಂದು ಬಗೆಯ ಇರಿಸುಮುರಿಸು.

ಮುಂದಿನ ಭಾನುವಾರ ಹೇಳುತ್ತೇನೆಂದು ವಾಯಿದೆ ಕೇಳಿದೆ. ಮೇಷ್ಟರಾದವರಿಗೆ ಇದೊಂದು ಅನುಕೂಲ.

ವಾಚಕರಲ್ಲಿ ಕೆಲವರಿಗಾದರೂ ಈ ಆಟದ ಪರಿಚಯ ಇರಲಾರದು. ನಮ್ಮ ಶಾಲಾಕಾಲೇಜುಗಳ ಕ್ರೀಡಾಕೂಟಗಳಲ್ಲಿ ಸಾಫ್ಟ್‌ಬಾಲ್ ಉಂಟಾದರೂ ಅದನ್ನು ನೋಡಲು ಜನ ಸೇರುವುದು ಕಡಮೆ. 1887ರಲ್ಲಿ ಶಿಕಾಗೊ ನಗರದ ಒಂದು ದೋಣಿ ಸಂಘದ ಒಳಾಂಗಣದಲ್ಲಿ, ಹಳೆಯ ಮುಷ್ಟಿಯುದ್ಧದ ಗವಸೊಂದನ್ನು ಉಂಡೆ ಕಟ್ಟಿ, ಕೋಲಿನಿಂದ ಹೊಡೆದು ಆಡಿದ ಹುಡುಗಾಟಿಕೆಯಿಂದ ಹುಟ್ಟಿದ ಆಟ ಇದು. ಬೇಸ್‌ಬಾಲಿನ ತಂಗಿ ಎನ್ನಬಹುದು. ಹೆಸರಿನಲ್ಲಿ ಮೃದುವೆಂದಿದ್ದರೂ ಚೆಂಡೇನೂ ಮೃದುವಲ್ಲ. ಸುತ್ತಳತೆ ಹನ್ನೆರಡು ಅಂಗುಲ, ಕೈತುಂಬ ಬರುವಂಥದು. ಪಿಚರ್ ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ತಿರುಗಿಸಿ, ಸೊಂಟದ ಮಟ್ಟದಲ್ಲಿ ಕೆಳಗಿನಿಂದ ಚೆಂಡನ್ನು ಬಿಡುತ್ತಾಳೆ. ಎದುರಿಗೆ ಬ್ಯಾಟು ಹಿಡಿದವಳಿಗೂ ಇವಳಿಗೂ ನಡುವೆ 43 ಅಡಿ. ಪಳಗಿದ ಕೈಯಿಂದ ಹೊರಟ ಚೆಂಡು ಅಷ್ಟು ದೂರವನ್ನು ಅರ್ಧ ಸೆಕೆಂಡಿಗಿಂತ ಕಡಮೆ ಹೊತ್ತಿನಲ್ಲಿ ದಾಟಿಬಿಡುತ್ತದೆ. ಏಳು ಸರದಿಗಳ ಆಟದಲ್ಲಿ ಪ್ರತಿಯೊಂದು ಚೆಂಡೂ ಹೊರಡಬೇಕಾದುದು ಈ ಒಬ್ಬಳ ಕೈಯಿಂದ. ಆದ್ದರಿಂದ ಅವಳನ್ನು ತಂಡದವರು ಹೊಂಗೆಯ ನೆರಳಲ್ಲಿಟ್ಟು ಕಾಪಾಡಿದರೆ ಆಶ್ಚರ್ಯವಿಲ್ಲ.

ಕಾಪಾಡುವುದಕ್ಕೆ ನಿಯಮವೂ ಇದೆ. ಮೈದಾನದಲ್ಲಿ ನಿಲ್ಲುವವರು ಒಂಬತ್ತು ಮಂದಿ. ಆದರೆ ಪಟ್ಟಿಯಲ್ಲಿ ಹತ್ತು ಹೆಸರು ಬರೆಯಬಹುದು. ಹತ್ತನೆಯ ಸಾಲಿನಲ್ಲಿರುವವಳು ಎಸೆದರೆ ಸಾಕು, ಹೊಡೆಯಬೇಕಾಗಿಲ್ಲ. ಅವಳ ಬದಲಿಗೆ ಹೊಡೆಯಲು ಇನ್ನೊಬ್ಬಳಿರುತ್ತಾಳೆ. ಹತ್ತನೆಯವಳಿಗೆ ತಾನೂ ಹೊಡೆಯಬೇಕೆಂದು ಆಸೆಯಾದರೆ ಅದಕ್ಕೂ ಅವಕಾಶವಿದೆ. ಆದರೆ ಆ ಇನ್ನೊಬ್ಬಳ ಸ್ಥಾನದಲ್ಲಿ ಮಾತ್ರ. ಎಂದರೆ, ತಾನು ಏಳಬೇಕಾದರೆ ಅವಳನ್ನು ಕೂರಿಸಬೇಕು.

ನನ್ನ ಸೊಸೆಯ ಪ್ರಶ್ನೆಯ ಮುಳ್ಳು ಇರುವುದು ಇಲ್ಲಿ. ಅವಳ ಬದಲಿಗೆ ಹೊಡೆಯುವ ಹುಡುಗಿ ಓಟದಲ್ಲಿ ನಿಧಾನವಂತೆ, ಚೆಂಡು ಹಿಡಿಯುವುದರಲ್ಲಿ ಸಾಧಾರಣವಂತೆ. ಆದರೆ ಬ್ಯಾಟು ಹಿಡಿದು ನಿಂತರೆ ಕಲ್ಲಿನಂತೆ ನಿಲ್ಲುತ್ತಾಳಂತೆ. ಆಟದಲ್ಲಿ ಅವಳಿಗೆ ಇರುವುದು ಆ ಒಂದೇ ಬಾಗಿಲು. ಹಾಗಿರುವಾಗ, ಚೆನ್ನಾಗಿ ಮಾಡಬಲ್ಲವಳನ್ನು ಎಬ್ಬಿಸಿ ಚೆನ್ನಾಗಿ ಬಾರದವಳು ಹೋಗಿ ನಿಲ್ಲುವುದು ನ್ಯಾಯವೆ?

ಮೊದಲು ತರಬೇತುದಾರರ ಪಕ್ಷವನ್ನು ವಹಿಸಿ ಯೋಚಿಸಿದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಹಿರಿಯರೇ ಹೇಳಿಲ್ಲವೆ? ಮೃದಂಗದವರನ್ನು ನಾವು ಹಾಡಿರೆಂದು ಒತ್ತಾಯಿಸುವುದಿಲ್ಲ. ಶಸ್ತ್ರವೈದ್ಯರೇ ಮತ್ತು ಬರಿಸುವ ಔಷಧವನ್ನೂ ಕೊಡಲಿ ಎನ್ನುವುದಿಲ್ಲ. ಅದೂ ಅಲ್ಲದೆ ದೇಹದ ಮಾತಿದೆ. ಕೆಳಗಿನಿಂದ ಎಸೆಯುವ ಎಸೆತ ಸಹಜವಾದುದು, ಅದರಿಂದ ತೋಳಿಗೆ ತೊಂದರೆಯಿಲ್ಲವೆಂದು ಬಹುಕಾಲ ನಂಬಿದ್ದರು. ಹಾಗೆ ನಂಬಿ ಎಳೆಯ ಹುಡುಗಿಯರಿಂದ ದಿನದ ಮೇಲೆ ದಿನ, ಪಂದ್ಯದ ಮೇಲೆ ಪಂದ್ಯ ಎಸೆಯಿಸಿದರು. ಅದೂ ಭುಜವನ್ನು ಸವೆಸುತ್ತದೆಂದು ವೈದ್ಯರು ಈಗ ಹೇಳುತ್ತಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜಪಾನಿನ ಯುಕಿಕೊ ಉಎನೊ ಎರಡೇ ದಿನಗಳಲ್ಲಿ 413 ಚೆಂಡುಗಳನ್ನು ಎಸೆದು, ಅಂತಿಮ ಪಂದ್ಯದಲ್ಲಿ ಅಮೆರಿಕವನ್ನು 3–1ರಿಂದ ಸೋಲಿಸಲು ಕಾರಣಳಾದಳು. ಹದಿಮೂರು ವರ್ಷ ಕಳೆದು, 2021ರಲ್ಲಿ ಟೋಕಿಯೊದಲ್ಲಿ ಅದೇ ಎರಡು ದೇಶಗಳು ಅಂತಿಮ ಪಂದ್ಯದಲ್ಲಿ ಎದುರಾದಾಗ, ಮೂವತ್ತೊಂಬತ್ತು ವರ್ಷದ ಅದೇ ಉಎನೊ ಎಸೆದಳು. ಜಪಾನು 2–0ಯಿಂದ ಗೆದ್ದಿತು. ಒಂದು ಕೆಲಸಕ್ಕೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಂಡವರ ಮುಂದೆ ತಲೆ ಬಾಗಬೇಕು. ಅಂಥವರನ್ನು, ಬ್ಯಾಟನ್ನೂ ಹಿಡಿಯಮ್ಮ ಎಂದು ಕಾಡುವುದು ಅವಿವೇಕ.

ಆದರೆ ಇದಕ್ಕೆ ಎದುರು ಸಾಕ್ಷಿಯೂ ಇದೆ. ಅಮೆರಿಕದ ಲೀಸಾ ಫರ್ನಾಂಡೆಸ್ ಎಂಬಾಕೆ ಲಾಸ್ ಏಂಜಲಿಸಿನ ವಿಶ್ವವಿದ್ಯಾನಿಲಯಕ್ಕೆ ಆಡುತ್ತಿದ್ದಾಗ, 1993ರಲ್ಲಿ, ಇಡೀ ದೇಶದ ಕಾಲೇಜುಗಳ ಪೈಕಿ ಎಸೆಯುವುದರಲ್ಲಿಯೂ ಮೊದಲನೆಯವಳು, ಹೊಡೆಯುವುದರಲ್ಲಿಯೂ ಮೊದಲನೆಯವಳು. ಹೊಡೆತದಲ್ಲಿ ಅವಳ ಸರಾಸರಿ 0.510. ಈ ಆಟದಲ್ಲಿ ಹತ್ತು ಸಲ ನಿಂತು ಮೂರು ಸಲ ಸರಿಯಾಗಿ ಹೊಡೆದವಳನ್ನೇ ಜಾಣೆ ಎನ್ನುತ್ತಾರೆ; ಇವಳು ಹತ್ತಕ್ಕೆ ಐದು ಸಲ ಹೊಡೆದಳು. ಎಸೆಯದ ದಿನ ಮೂರನೆಯ ಬೇಸಿನಲ್ಲಿ ನಿಲ್ಲುತ್ತಿದ್ದಳು. 1996, 2000, 2004ರ ಮೂರು ಒಲಿಂಪಿಕ್ ಚಿನ್ನಗಳಲ್ಲಿ ಅವಳ ಪಾಲಿದೆ. ಯಾರೋ ಒಬ್ಬ ಹಿತಚಿಂತಕರು ಹದಿನಾರನೆಯ ವಯಸ್ಸಿನಲ್ಲಿ “ನಿನ್ನ ಕೈಯನ್ನು ಉಳಿಸಿಕೊ” ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿದ್ದರೆ ಏನಾಗುತ್ತಿತ್ತು?

ಆದರೆ ಫರ್ನಾಂಡೆಸಳ ಹೆಸರು ಹೇಳಿದ ಮಾತ್ರಕ್ಕೆ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಿದಂತಾಗುವುದಿಲ್ಲ. ಎರಡನ್ನೂ ಬಲ್ಲವರು ಎರಡನ್ನೂ ಮಾಡಲಿ ಎನ್ನುವುದರಲ್ಲಿ ಕಷ್ಟವೇನಿದೆ? ಇವಳಾದರೋ ತನಗೆ ಚೆನ್ನಾಗಿ ಬರುವುದಿಲ್ಲವೆಂದು ಒಪ್ಪಿಕೊಂಡೇ ಕೇಳುತ್ತಿದ್ದಾಳೆ. ಚೆನ್ನಾಗಿ ಬಾರದುದನ್ನು ಮಾಡುವ ಹಕ್ಕು ಮನುಷ್ಯನಿಗೆ ಇದೆಯೆ? ಇದ್ದರೆ, ಏತಕ್ಕಾಗಿ?

ಬೇಸ್‌ಬಾಲಿನ ಇತಿಹಾಸದಲ್ಲಿ ಈ ವಿಷಯಕ್ಕೆ ಬೆಳಕು ಬೀರುವ ಒಂದು ಪ್ರಸಂಗ ಸಿಕ್ಕಿತು. ಅಲ್ಲಿಯ ಎರಡು ಮಹಾಕೂಟಗಳಲ್ಲಿ ಒಂದು, 1973ರಲ್ಲಿ, ಪಿಚರಿನ ಬದಲಿಗೆ ಬೇರೊಬ್ಬ ಹೊಡೆಯಬಹುದೆಂದು ನಿಯಮ ಮಾಡಿತು. ಇನ್ನೊಂದು ಕೂಟ ಬಹುಕಾಲ ಒಪ್ಪದೆ, 2022ರಿಂದ ಶಾಶ್ವತವಾಗಿ ಒಪ್ಪಿಕೊಂಡಿತು. ನಡುವಿನ ಸುಮಾರು ಐವತ್ತು ವರ್ಷ ಒಂದು ಕೂಟದಲ್ಲಿ ಪಿಚರುಗಳು ಬ್ಯಾಟು ಹಿಡಿಯುತ್ತಿದ್ದರು, ಇನ್ನೊಂದರಲ್ಲಿ ಹಿಡಿಯುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞರಿಗೆ ಇದು ಒಳ್ಳೆಯ ಮೇವಾಯಿತು. ತೊಂಬತ್ತರ ದಶಕದಲ್ಲಿ ಕೆಲವರು ಲೆಕ್ಕ ಹಾಕಿ, ಪಿಚರು ಬ್ಯಾಟು ಹಿಡಿಯಬೇಕಾಗಿಲ್ಲದ ಕೂಟದಲ್ಲಿ ಚೆಂಡು ಬ್ಯಾಟುಗಾರನ ಮೈಗೆ ಬಡಿಯುವುದು ಹೆಚ್ಚು ಎಂದು ವಾದಿಸಿದರು. ಕಾರಣ? ತಾನೂ ಹೋಗಿ ನಿಲ್ಲಬೇಕಾದವನು ಎದುರಾಳಿಯ ಪಕ್ಕೆಲುಬಿಗೆ ಎಸೆಯುವ ಮುನ್ನ ಒಂದು ಸಲ ಯೋಚಿಸುತ್ತಾನೆ. ಎಂದೂ ನಿಲ್ಲಬೇಕಾಗಿಲ್ಲದವನು ಯೋಚಿಸುವುದಿಲ್ಲ. ಬೇರೆ ವಿದ್ವಾಂಸರು ಇದನ್ನು ಒಪ್ಪದೆ ಬೇರೆ ಕಾರಣಗಳನ್ನು ಹೇಳಿದರು. ಆ ಲೆಕ್ಕದ ಜಗಳ ಅವರಿಗಿರಲಿ. ಆದರೆ ಆ ವಾದ ಹುಟ್ಟಿದುದೇ ನನಗೆ ಅರ್ಥಪೂರ್ಣವಾಗಿ ಕಂಡಿತು. ಎಸೆಯುವವನು ಎದುರಿಸಲೂ ಬೇಕು ಎಂಬ ಪದ್ಧತಿಯಲ್ಲಿ ರನ್ನುಗಳ ಲೆಕ್ಕಕ್ಕೆ ಸಿಕ್ಕದ ಒಂದು ಧರ್ಮ ಅಡಗಿತ್ತು.

ಕ್ರಿಕೆಟ್ಟು ಹೆಚ್ಚುಕಡಮೆ ಈ ಧರ್ಮವನ್ನು ಬಿಡದೆ ಬಂದ ಆಟ. ನಮ್ಮ ಬೆಂಗಳೂರಿನ ಬಿ. ಎಸ್. ಚಂದ್ರಶೇಖರರ ವಿಷಯವನ್ನು ನನ್ನ ತಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಬಾಲ್ಯದ ಪೋಲಿಯೊದಿಂದ ಸೊರಗಿದ ಬಲಗೈ. ಆ ಕೈಯಿಂದಲೇ ಜಗತ್ತಿನ ಬ್ಯಾಟುಗಾರರನ್ನು ಕಂಗೆಡಿಸಿದರು. 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳು. ಅದೇ 58 ಟೆಸ್ಟುಗಳಲ್ಲಿ ಅವರು ಹೊಡೆದ ರನ್ನುಗಳು 167! ತೆಗೆದ ವಿಕೆಟ್ಟಿಗಿಂತ ಹೊಡೆದ ರನ್ನು ಕಡಮೆ. 1977–78ರ ಆಸ್ಟ್ರೇಲಿಯ ಪ್ರವಾಸದಲ್ಲಿ ಮೆಲ್ಬರ್ನಿನಲ್ಲಿ ಎರಡು ಇನಿಂಗ್ಸುಗಳಲ್ಲಿಯೂ 52 ರನ್ನಿಗೆ ಆರಾರು ವಿಕೆಟ್ಟು ಉರುಳಿಸಿ, ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯವನ್ನು ತಂದುಕೊಟ್ಟರು. ಅದೇ ಪ್ರವಾಸದಲ್ಲಿ ಸೊನ್ನೆಯ ಮೇಲೆ ಸೊನ್ನೆ ಸುತ್ತಿದುದಕ್ಕಾಗಿ ತೂತು ಕೊರೆದ ಬ್ಯಾಟೊಂದನ್ನು ಕಾಣಿಕೆಯಾಗಿಯೂ ಪಡೆದರು. ಯಾವ ನಿಯಮವೂ ಅವರಿಗೆ ವಿನಾಯಿತಿ ಕೊಡಲಿಲ್ಲ. ಪ್ರತಿ ಸಲವೂ ಪ್ಯಾಡು ಕಟ್ಟಿಕೊಂಡು, ತಮಗೆ ಬಾರದ ಕೆಲಸಕ್ಕೆ ಸಾವಿರಾರು ಜನರ ಕಣ್ಣೆದುರಿಗೆ ನಡೆದು ಹೋದರು. “ಅವರು ಬ್ಯಾಟು ಹಿಡಿದು ಬಂದಾಗ ನಗುತ್ತಿದ್ದೆವು, ನಿಜ. ಆದರೆ ಆ ನಗೆಯಲ್ಲಿ ಹಗುರ ಮಾಡುವುದು ಇರಲಿಲ್ಲ ಕಣೊ. ಅಷ್ಟು ದೊಡ್ಡವರಿಗೂ ಒಂದು ಬಾರದ್ದು ಇದೆಯಲ್ಲ ಎಂದು ಹತ್ತಿರದವರಾಗಿ ಕಾಣುತ್ತಿದ್ದರು” ಎನ್ನುತ್ತಿದ್ದರು ನನ್ನ ತಂದೆ. ಒಮ್ಮೊಮ್ಮೆ ಈ ಬಾಲಂಗೋಚಿಯೇ ಪಟವನ್ನು ಹಿಡಿದು ನಿಲ್ಲಿಸುವುದೂ ಉಂಟು. 1996ರ ಅಕ್ಟೋಬರಿನಲ್ಲಿ, ನಾನು ಪದವಿ ತರಗತಿಯಲ್ಲಿದ್ದಾಗ, ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ಎದುರು ಎಂಟು ವಿಕೆಟ್ಟು ಬಿದ್ದು ಜನ ಎದ್ದು ಹೊರಡುತ್ತಿದ್ದರು. ಶ್ರೀನಾಥ್ ಮತ್ತು ಕುಂಬ್ಳೆ, ಇಬ್ಬರೂ ಬೌಲರುಗಳು, 52 ರನ್ನು ಸೇರಿಸಿ ಗೆಲ್ಲಿಸಿದರು. ಈಗ ಐಪಿಎಲ್‌ನಲ್ಲಿ 2023ರಿಂದ ಒಬ್ಬನ ಬದಲಿಗೆ ಇನ್ನೊಬ್ಬನನ್ನು ನಡುವೆ ಇಳಿಸುವ ನಿಯಮ ಬಂದಿದೆ. ಗಾಳಿ ಎತ್ತ ಬೀಸುತ್ತಿದೆ ಎಂಬುದಕ್ಕೆ ಇದೊಂದು ಗುರುತು.

ಇಷ್ಟೆಲ್ಲ ಯೋಚಿಸುತ್ತಿದ್ದಾಗ ನನಗೆ ನನ್ನದೇ ಒಂದು ಅಪರಾಧ ನೆನಪಾಯಿತು. ಸಾಫ್ಟ್‌ಬಾಲಿನ ನೆಪದಲ್ಲಿ ಅದನ್ನು ಹೇಳಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗದು.

ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಯಾರು ಯಾವ ಪಾಠ ಮಾಡಬೇಕೆಂದು ಪಟ್ಟಿ ಹಾಕುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ವಿಭಾಗಕ್ಕೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ವ್ಯಾಕರಣದಲ್ಲಿ ಬಹಳ ಗಟ್ಟಿ. ಕೇಶಿರಾಜನ ಶಬ್ದಮಣಿದರ್ಪಣವೆಂದರೆ ವಿದ್ಯಾರ್ಥಿಗಳು ಓಡಿಹೋಗುವ ಕಾಲದಲ್ಲಿ, ಅವರ ತರಗತಿಯಲ್ಲಿ ಹುಡುಗರು ಕುಳಿತು ಕೇಳುತ್ತಿದ್ದರು. ನಾನು ಹಿಗ್ಗಿದೆ. ಮರುವರ್ಷವೂ ವ್ಯಾಕರಣ ಕೊಟ್ಟೆ. ಅದರ ಮರುವರ್ಷವೂ ಕೊಟ್ಟೆ. ಕಾವ್ಯದ ಪಾಠಗಳನ್ನು, ಮುಖ್ಯವಾಗಿ ಕುಮಾರವ್ಯಾಸನನ್ನು, ನಾನೇ ಇಟ್ಟುಕೊಂಡೆ. ಒಂದು ಸಲ ಅವರು ಸಂಕೋಚದಿಂದ, “ಸಾರ್, ಈ ವರ್ಷ ಒಂದು ಕಾವ್ಯಭಾಗ ಕೊಡುತ್ತೀರಾ?” ಎಂದು ಕೇಳಿದರು. “ವ್ಯಾಕರಣಕ್ಕೆ ನಿಮ್ಮಂಥವರು ಎಲ್ಲಿ ಸಿಗುತ್ತಾರೆ?” ಎಂದೆ. ಹೊಗಳಿದೆನೆಂದೇ ನಾನು ತಿಳಿದಿದ್ದೆ. ಅವರು ಇನ್ನೆರಡು ವರ್ಷ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಕೇಳುವುದನ್ನು ಬಿಟ್ಟದ್ದು ನನ್ನ ಗಮನಕ್ಕೂ ಬರಲಿಲ್ಲ. ಪಟ್ಟಿ ಹಾಕುವುದು ಸುಲಭವಾಯಿತೆಂದಷ್ಟೆ ತೋರಿತು. ಹೀಗೆ ಆರು ವರ್ಷ.

“ನೀನು ನಮ್ಮ ತಂಡದ ಕೈ” ಎಂದು ನಾನೂ ಹೇಳಿದ್ದೆ. ಮನುಷ್ಯನನ್ನು ಕೈ ಎಂದು ಕರೆಯುವುದರಲ್ಲಿ ಎಷ್ಟು ಪ್ರೀತಿಯಿದ್ದರೂ, ಉಳಿದ ಮೈಯೆಲ್ಲ ಬೇಡವೆಂದು ಹೇಳಿದಂತಾಗುತ್ತದೆ. ಆ ಕೈಯಿಂದ ಅನುಕೂಲವಾಗುತ್ತಿದ್ದುದು ಯಾರಿಗೆ? ವಿದ್ಯಾರ್ಥಿಗಳಿಗೆ ಎಂದು ನಾನು ನಂಬಿದ್ದೆ. ನನಗೂ ಆಗುತ್ತಿತ್ತು, ಕುಮಾರವ್ಯಾಸ ನನ್ನ ಬಳಿ ಉಳಿದ, ಸಂಧಿ ಸಮಾಸಗಳ ಕಷ್ಟ ಅವರ ಪಾಲಿಗೆ ಹೋಯಿತು.

ಫೋನು ಬಂದ ಆ ಭಾನುವಾರದ ಮಾರನೆಯ ದಿನವೇ ಹೊಸ ಅವಧಿಯ ಪಟ್ಟಿ ಹಾಕಬೇಕಾಗಿತ್ತು. ಕಾವ್ಯವನ್ನು ಅವರಿಗೆ ಬರೆದು, ವ್ಯಾಕರಣವನ್ನು ನನ್ನ ಹೆಸರಿಗೆ ಹಾಕಿಕೊಂಡೆ. ಇದರ ಫಲ ಅದ್ಭುತವಾಯಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು; ಹಾಗಾಗಲಿಲ್ಲ. ಅವರ ಮೊದಲ ಕೆಲವು ಕಾವ್ಯದ ತರಗತಿಗಳಲ್ಲಿ ಹಿಂದಿನ ಬೆಂಚುಗಳ ಗದ್ದಲ ಪಡಸಾಲೆಗೆ ಕೇಳುತ್ತಿತ್ತು. ನನ್ನ ತರಗತಿಯಲ್ಲಿ ಗದ್ದಲವಿರಲಿಲ್ಲ. ಮೂರನೆಯ ದಿನ ಒಬ್ಬ ಹುಡುಗ ಎದ್ದು ಸಮಾಸದ ವಿಷಯವಾಗಿ ಒಂದು ಸಂದೇಹ ಕೇಳಿದ, ನನಗೆ ತಿಳಿಯಲಿಲ್ಲ. ಅಧ್ಯಾಪಕರ ಕೊಠಡಿಗೆ ಬಂದು ಅವರನ್ನೇ ಕೇಳಿದೆ. ಅವರು ಹೇಳಿಕೊಟ್ಟರು. ಆಮೇಲೆ, “ಕಾವ್ಯ ಇನ್ನೂ ಕೈಗೆ ಹತ್ತಿಲ್ಲ ಸಾರ್. ಒಂದು ವರ್ಷ ಬಿಟ್ಟು ನೋಡಿ” ಎಂದರು. ಬಹುಕಾಲದ ಮೇಲೆ ಅವರು ನನ್ನೊಡನೆ ನಿಂತು ಮಾತನಾಡಿದುದು ಅಂದು. ಈ ನಡುವೆ ನನ್ನ ವಿದ್ಯಾರ್ಥಿಗಳಿಗೇನು ನಷ್ಟವಾಗಲಿಲ್ಲವೆ? ಆಯಿತು. ಅದನ್ನು ನಾನು ಮರೆಮಾಚುವುದಿಲ್ಲ. ಬಾರದುದನ್ನು ಕಲಿಯುವವರ ವೆಚ್ಚವನ್ನು ಇತರರು ಸ್ವಲ್ಪವಾದರೂ ಹೊರಬೇಕಾಗುತ್ತದೆ. ನಾವು ಕಲಿಯುವಾಗ ನಮ್ಮದನ್ನು ಬೇರೆಯವರು ಹೊತ್ತಿದ್ದರು.

ಮುಂದಿನ ಭಾನುವಾರಗಳಲ್ಲಿ ಸೊಸೆಯೊಡನೆ ನಡೆದ ಮಾತನ್ನು ಸಂಗ್ರಹಿಸಿ ಹೇಳುತ್ತೇನೆ. ನಿನ್ನ ಆಸೆ ಸ್ವಾರ್ಥವಲ್ಲ ಎಂದೆ. ಕಾರ್ಖಾನೆಯಲ್ಲಿ ಹತ್ತು ಜನ ಹತ್ತು ಭಾಗ ಮಾಡಿದರೂ ಚಪ್ಪಲಿ ಚಪ್ಪಲಿಯೇ. ಶಾಲೆಯ ಮೈದಾನದಲ್ಲಿ ತಯಾರಾಗಬೇಕಾದುದು ಗೆಲುವಲ್ಲ, ನೀವು. ಹದಿನಾರನೆಯ ವಯಸ್ಸಿಗೇ ಒಬ್ಬರನ್ನು ಒಂದು ಜಾಗಕ್ಕೆ ಮೊಳೆ ಹೊಡೆದು ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ಮುಂದೆ ನೀನೇ ತಿಳಿದು, ಎಸೆತವೊಂದೇ ಸಾಕೆಂದು ಆರಿಸಿಕೊಂಡರೆ ಅದು ಬೇರೆ. ಅದು ನಿನ್ನ ವ್ರತವಾಗುತ್ತದೆ. ಇನ್ನೊಬ್ಬರು ನಿನಗಾಗಿ ಆರಿಸಿದರೆ ಅದು ಬರಿಯ ಕಟ್ಟು. ಆದರೆ ಆ ಇನ್ನೊಬ್ಬ ಹುಡುಗಿಯನ್ನೂ ಮರೆಯಬೇಡ. ಗೆಲ್ಲಲೇಬೇಕಾದ ದಿನ ಅವಳ ಒಂದೇ ಬಾಗಿಲನ್ನು ಮುಚ್ಚಿ ನಿಂತರೆ ಆಗ ಸ್ವಾರ್ಥವಾಗುತ್ತದೆ. ಅವಳಿಗೂ ಕೈಯಿದೆ, ಕಾಲಿದೆ. ಬ್ಯಾಟು ಹಿಡಿದವಳು ಮೈದಾನದಲ್ಲಿಯೂ ನಿಲ್ಲಬಹುದೆಂದು ನಿಯಮವೇ ಹೇಳುತ್ತದಂತೆ. ತರಬೇತುದಾರರ ಬಳಿಗೆ ಒಬ್ಬಳೇ ಹೋಗಬೇಡ, ಇಬ್ಬರೂ ಹೋಗಿ. ಅಭ್ಯಾಸದಲ್ಲಿ ದಿನವೂ, ಪಂದ್ಯದಲ್ಲಿ ಆಗಾಗ, ನಿನಗೆ ಬ್ಯಾಟೂ ಅವಳಿಗೆ ಮೈದಾನವೂ ಸಿಕ್ಕಲಿ ಎಂದು ಕೇಳಿ. ಕೈ ನೋಯುವ ದಿನ ಮಾತ್ರ ಯಾವುದನ್ನೂ ಮಾಡಬೇಡ, ಎಸೆತವನ್ನೂ ಸೇರಿಸಿ.

“ಕೆಟ್ಟದಾಗಿ ಆಡಿದರೆ?” ಎಂದಳು.

“ಕೆಟ್ಟದಾಗಿಯೇ ಆಡುತ್ತೀಯೆ. ಹೋಗಿ ನಿಲ್ಲು” ಎಂದೆ.

ಮೂರು ವಾರ ಕಳೆದು ಸುದ್ದಿ ಬಂದಿತು. ತರಬೇತುದಾರರು ಗೊಣಗಿಕೊಂಡು ಒಪ್ಪಿದರಂತೆ. ಅಷ್ಟೇನೂ ಮುಖ್ಯವಲ್ಲದ ಒಂದು ಪಂದ್ಯದಲ್ಲಿ ಇವಳು ಮೂರು ಸಲ ಬ್ಯಾಟು ಹಿಡಿದು ಮೂರು ಸಲವೂ ಔಟಾದಳಂತೆ. ಇನ್ನೊಬ್ಬ ಹುಡುಗಿ ಹೊರ ಮೈದಾನದಲ್ಲಿ ಒಂದು ಚೆಂಡನ್ನು ಬಿಟ್ಟು, ಒಂದನ್ನು ಹಿಡಿದಳಂತೆ. ಪಂದ್ಯ ಸೋತಿತು. ದುಃಖದಲ್ಲಿದ್ದಾಳೇನೊ ಎಂದು ನಾನು ಸಮಾಧಾನದ ಮಾತನ್ನು ಹುಡುಕುತ್ತಿದ್ದಾಗ ಅವಳೇ ಹೇಳಿದಳು:

“ಮಾಮ, ಆ ಕಡೆ ನಿಂತು ನೋಡಿದರೆ ಚೆಂಡು ಎಷ್ಟು ಬೇಗ ಬಂದುಬಿಡುತ್ತದೆ ಗೊತ್ತೆ? ಇಷ್ಟು ದಿನ ನಾನು ಎಸೆಯುತ್ತಿದ್ದೆ, ನನಗೇ ತಿಳಿದಿರಲಿಲ್ಲ.”

ನನಗೆ ಗೊತ್ತು ಎನ್ನಬೇಕೆನ್ನಿಸಿತು; ಎನ್ನಲಿಲ್ಲ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ನನಗೆ ವ್ಯಾಕರಣದ ತರಗತಿಯಿದೆ. ಆ ಹುಡುಗ ಮತ್ತೆ ಮುಂದಿನ ಬೆಂಚಿನಲ್ಲಿಯೇ ಕುಳಿತಿರುತ್ತಾನೆ. ಈಗ ಪುಸ್ತಕ ತೆಗೆಯಬೇಕು.